ಅಂಗಸ್ವಾಸ್ಥ್ಯವೂ ಸ್ವಾವಲಂಬನೆಯೂ

ವೀರಶೈವ ಧರ್ಮವು ಶರೀರವನ್ನು ತುಚ್ಛವೆಂದು ಎಂದೂ ತಳ್ಳಿಲ್ಲ. ದೀಕ್ಷಾಕಾಲದಲ್ಲಿ ಶ್ರೀಗುರುವು ಶಿಷ್ಯನ ಎಡ ಅಂಗೈಯಲ್ಲಿ ಇಷ್ಟಲಿಂಗವನ್ನು ಅನುಗ್ರಹಿಸಿದ ಗಳಿಗೆಯಿಂದ ಆ ಅಂಗೈಗೆ ಕರಪೀಠವೆಂಬ ಹೆಸರು ಸಲ್ಲುತ್ತದೆ. ರಕ್ತಮಾಂಸದ ಈ ಅಂಗವೇ ಲಿಂಗಕ್ಕೆ ನೆಲೆಯಾದ ಮೇಲೆ ಅದರ ಆರೈಕೆಯನ್ನು ಬರಿಯ ಲೌಕಿಕವೆಂದು ಬದಿಗಿರಿಸಲು ಬಾರದು. ಬೆಳಗ್ಗೆ ಹಾಸಿಗೆಯಿಂದ ಎದ್ದು ಕೂರುವುದು, ಶೌಚಕ್ಕೆ ಹೋಗುವುದು, ಮೀಯುವುದು, ಮಡಿಯುಡುವುದು, ಭಸ್ಮ ಧರಿಸಿ ಲಿಂಗವನ್ನು ಕರದಲ್ಲಿರಿಸಿ ಪೂಜಿಸುವುದು, ಪ್ರಸಾದ ಸ್ವೀಕರಿಸುವುದು, ಇವೆಲ್ಲ ಒಂದೇ ದಾರದ ಮಣಿಗಳು. ನಡುವಿನ ಒಂದು ಮಣಿ ಕಳಚಿದರೆ ಉಳಿದವೂ ಜಾರತೊಡಗುತ್ತವೆ. ಕೈಕಾಲು ಗಟ್ಟಿಯಿರುವಾಗ ನಮಗೆ ಇದು ತೋರುವುದಿಲ್ಲ.

ಚಾರ್ಮಾಡಿ ಘಾಟಿಯನ್ನಿಳಿದು ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಗಳ ಕಡೆ ಬಂದಾಗ ನಮ್ಮ ಭಕ್ತರ ಮನೆಗಳು ಒಂದಕ್ಕೊಂದು ದೂರದಲ್ಲಿವೆ. ಕೆಳದಿಯ ನಾಯಕರ ಆಳ್ವಿಕೆ ತುಳುನಾಡಿನ ಮೇಲಿದ್ದ ಕಾಲ ಹೋಗಿ ಬಹುದಿನಗಳಾದವು. ಇಲ್ಲಿ ನಮ್ಮವರ ಸಂಖ್ಯೆ ಚಿಕ್ಕದು. ಆದರೆ ಕೇಳುವ ಪ್ರಶ್ನೆಗೆ ಜಾತಿಮತವಿಲ್ಲ, ಜೈನರ ಮನೆಯಲ್ಲಾಗಲಿ, ಬಿಲ್ಲವರ, ಬಂಟರ ಮನೆಯಲ್ಲಾಗಲಿ ಅದೇ ಪ್ರಶ್ನೆ. ಹಿಂದೆ ಲಗ್ನದ ಮುಹೂರ್ತ, ಜಮೀನಿನ ತಕರಾರು ಕೇಳುತ್ತಿದ್ದವರು ಈಗ ಬಾಗಿಲ ಮರೆಯಲ್ಲಿ ನಿಂತು ಮೆಲ್ಲನೆ ಕೇಳುತ್ತಾರೆ: "ಬುದ್ಧಿ, ಅಪ್ಪ ಹಾಸಿಗೆ ಹಿಡಿದು ಮೂರು ತಿಂಗಳಾಯಿತು. ಪೂಜೆಯನ್ನೂ ಬಿಟ್ಟಿದ್ದಾರೆ. ಊಟವನ್ನೂ ನಾವೇ ತಿನ್ನಿಸುತ್ತೇವೆ. ಇನ್ನು ಏನು ಮಾಡುವುದು?" ಮಕ್ಕಳಲ್ಲಿ ಒಬ್ಬ ಬೆಂಗಳೂರಿನಲ್ಲಿ, ಮತ್ತೊಬ್ಬ ಮುಂಬಯಿಯಲ್ಲೋ ಗಲ್ಫಿನಲ್ಲೋ. ಮನೆಯಲ್ಲಿರುವವರು ವಯಸ್ಸಾದ ಹೆಂಡತಿ ಮತ್ತು ಒಬ್ಬ ಸೊಸೆ. 2011ರ ಜನಗಣತಿಯಲ್ಲೇ ನಮ್ಮ ದೇಶದಲ್ಲಿ ಅರುವತ್ತು ದಾಟಿದವರು 10 ಕೋಟಿಗೂ ಹೆಚ್ಚು ಇದ್ದರು. ಇದು ಒಂದು ಮನೆಯ ಕಷ್ಟವೆಂದು ಮುಚ್ಚಿಡುವ ಸಂಗತಿಯಲ್ಲ.

ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಸಿಡ್ನಿ ಕಾಟ್ಜ್ ಎಂಬ ವೈದ್ಯರೂ ಅವರ ಸಂಗಡಿಗರೂ ಸೊಂಟದ ಮೂಳೆ ಮುರಿದುಕೊಂಡ ವೃದ್ಧರನ್ನೂ ಇತರ ದೀರ್ಘರೋಗಿಗಳನ್ನೂ ಬಹಳ ದಿನ ಗಮನಿಸಿ, 1963ರಲ್ಲಿ ಒಂದು ಅಳತೆಗೋಲನ್ನು ಪ್ರಕಟಿಸಿದರು. ರೋಗದ ಹೆಸರೇನೆಂದು ಅವರು ಮೊದಲು ಕೇಳಲಿಲ್ಲ. ಮೀಯುವುದು, ಬಟ್ಟೆ ಉಡುವುದು, ಶೌಚಾಲಯಕ್ಕೆ ಹೋಗಿಬರುವುದು, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರಗಳನ್ನು ಹಿಡಿತದಲ್ಲಿಟ್ಟುಕೊಳ್ಳುವುದು, ಉಣ್ಣುವುದು, ಈ ಆರನ್ನು ಮನುಷ್ಯ ತಾನೇ ಮಾಡಿಕೊಳ್ಳಬಲ್ಲನೇ ಎಂದು ಕೇಳಿದರು. ಆರು ಎಂದೊಡನೆ ನಮ್ಮ ಷಟ್‌ಸ್ಥಲಕ್ಕೆ ಹೋಲಿಸಿ ಹಿಗ್ಗುವ ಪಂಡಿತರಿದ್ದಾರೆ. ಆ ಗೊಡವೆ ಬೇಡ, ಅದು ಬೇರೆ, ಇದು ಬೇರೆ. ನಮ್ಮ ಮನಸ್ಸಿಗೆ ಹತ್ತಿದ್ದು ಅವರು ಕಂಡ ಇನ್ನೊಂದು ವಿಷಯ. ಹೆಚ್ಚಿನವರಲ್ಲಿ ಈ ಶಕ್ತಿಗಳು ಒಂದು ಕ್ರಮದಲ್ಲೇ ಕಳೆದುಹೋಗುತ್ತವೆ. ಮೊದಲು ಹೋಗುವುದು ಮೀಯುವ ಶಕ್ತಿ, ಆಮೇಲೆ ಉಡುವುದು. ಕೊನೆಯವರೆಗೆ ಉಳಿಯುವುದು ಉಣ್ಣುವುದು. ರೋಗಿ ಚೇತರಿಸಿಕೊಳ್ಳುವಾಗ ಉಣ್ಣುವುದು ಮೊದಲು ಮರಳುತ್ತದೆ, ಮೀಯುವುದು ಕೊನೆಗೆ. ಹಸುಗೂಸು ಬೆಳೆಯುವ ಕ್ರಮವೂ ಇದೇ ಅಲ್ಲವೇ? ಮಗು ಮೊದಲು ತುತ್ತನ್ನು ಬಾಯಿಗೆ ಒಯ್ಯಲು ಕಲಿಯುತ್ತದೆ, ತಾನೇ ನೀರು ಹೊಯ್ದುಕೊಂಡು ಮೀಯಲು ಎಷ್ಟೋ ವರ್ಷ ಹಿಡಿಯುತ್ತದೆ.

ಹೀಗಿರುವಾಗ ಮೂರು ತಿಂಗಳ ಹಾಸಿಗೆವಾಸಿಗೆ ನಾವು ಮೊದಲ ದಿನದಿಂದಲೇ ತುತ್ತು ಮಾಡಿ ತಿನ್ನಿಸಿದರೆ ಏನಾಯಿತು? ಎಲ್ಲಕ್ಕಿಂತ ಕೊನೆಗೆ ಕಳೆಯಬೇಕಾಗಿದ್ದುದನ್ನು ಎಲ್ಲಕ್ಕಿಂತ ಮೊದಲು ನಾವೇ ಕಸಿದುಕೊಂಡಂತಾಯಿತು. ಕಸಿದದ್ದು ದ್ವೇಷದಿಂದಲ್ಲ, ಪ್ರೀತಿಯಿಂದ. ಸ್ವಲ್ಪ ಅವಸರದಿಂದ, ಸ್ವಲ್ಪ ನೆಲ ಎಂಜಲಾಗುತ್ತದೆಂಬ ಬೇಸರದಿಂದ. ಹಿರಿಯರು ಅಂಗಿಯ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ತೆಗೆದುಕೊಳ್ಳುತ್ತಾರೆ, ನಾವು ಅರ್ಧ ನಿಮಿಷದಲ್ಲಿ ಹಾಕಿ ಮುಗಿಸುತ್ತೇವೆ. ಆ ಹತ್ತು ನಿಮಿಷ ಅವರ ಬೆರಳಿಗೆ ಔಷಧಿಯಾಗಿತ್ತು. ವೃದ್ಧರ ತೊಡೆಯ ಮಾಂಸಖಂಡಗಳು ಹಾಸಿಗೆಯಲ್ಲಿ ಕೆಲವೇ ದಿನ ಮಲಗಿದರೂ ಸೊರಗುತ್ತವೆ. ಹಾಗೆ ಕಳೆದ ಬಲವನ್ನು ಮರಳಿ ತರಲು ಮಲಗಿದ ದಿನಗಳಿಗಿಂತ ಎಷ್ಟೋ ಹೆಚ್ಚು ದಿನ ಬೇಕು. ವಿಶ್ರಾಂತಿಯೆಂದರೆ ಮಲಗಿರುವುದೇ ಎಂಬ ತಿಳಿವಳಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಬಲವಾಗಿದೆ.

ಈ ಸೀಮೆಯ ಮನೆಗಳನ್ನೂ ಇಲ್ಲಿ ನೆನೆಯಬೇಕು. ಎತ್ತರದ ಹೊಸ್ತಿಲು, ಮುರಕಲ್ಲಿನ ಮೆಟ್ಟಿಲು, ಅಂಗಳದಾಚೆಯ ಬಚ್ಚಲು, ತೋಟದ ಅಂಚಿನ ಶೌಚಾಲಯ. ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಕಡೆ ಜೂನ್ ತಿಂಗಳಿಂದ ಅಂಗಳವೆಲ್ಲ ಹಾವಸೆ. ಎಪ್ಪತ್ತರ ಅಜ್ಜಿ ರಾತ್ರಿ ಹೊರಗೆ ಹೋಗಲು ಹೆದರಿ ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾಳೆ. ಯಾರನ್ನೂ ಎಬ್ಬಿಸಬಾರದೆಂಬ ಮರ್ಯಾದೆ ಅವಳದು. ಅದರಿಂದ ಮೂತ್ರದ ಉರಿ, ಮಲಬದ್ಧತೆ, ತಲೆಸುತ್ತು. ಕೊನೆಗೆ ಅದೇ ಅಂಗಳದಲ್ಲಿ ಜಾರಿ ಸೊಂಟ ಮುರಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿ ಅಂಗೀಕರಿಸಿದ ಹೊಸ ವರ್ಗೀಕರಣದ ತಿರುಳೂ ಇದೇ: ಅಶಕ್ತತೆಯೆಂಬುದು ಶರೀರದೊಳಗೆ ಮಾತ್ರ ಇರುವ ದೋಷವಲ್ಲ, ಶರೀರಕ್ಕೂ ಅದರ ಸುತ್ತಲ ಪರಿಸರಕ್ಕೂ ಹೊಂದದಿರುವಲ್ಲಿ ಹುಟ್ಟುವಂಥದ್ದು. ಗೋಡೆಗೆ ಹಿಡಿಯಲು ಒಂದು ಕಬ್ಬಿಣದ ಸರಳು, ಕೂರಲು ಎತ್ತರದ ಕಮೋಡು, ರಾತ್ರಿ ಉರಿಯುವ ಒಂದು ಸಣ್ಣ ದೀಪ, ಮೆಟ್ಟಿಲಿನ ಬದಲು ಇಳಿಜಾರು, ಇಷ್ಟಾದರೆ ಆ ಅಜ್ಜಿ ಮರುದಿನದಿಂದ ತಾನೇ ಹೋಗಿಬರುತ್ತಾಳೆ. ಗೃಹಪ್ರವೇಶಕ್ಕೆ ಶಾಮಿಯಾನ ಹಾಕಿಸಿ ಸಾವಿರ ಜನಕ್ಕೆ ಊಟ ಹಾಕಿಸುವ ಭಕ್ತರಿಗೆ ಸರಳಿನ ಖರ್ಚು ಏನೂ ಅಲ್ಲ, ಆದರೆ ಅದು ಯಾರಿಗೂ ಹೊಳೆಯುವುದಿಲ್ಲ.

ಮುಪ್ಪು ಬರುವ ಮೊದಲೇ ಈ ಸ್ವಾತಂತ್ರ್ಯ ಕಳೆದುಕೊಂಡವರೂ ಇಲ್ಲಿ ಕಡಿಮೆಯಿಲ್ಲ. ಅಡಿಕೆಯ ನಾಡಿದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು, ಆಮೇಲೆ ಕೊಯಿಲಿಗೆ, ಕಾಲಿಗೆ ತಳೆ ಹಾಕಿ ಮರವೇರುವ ಯುವಕ ಒಂದು ಜಾರಿಗೆ ಬೆನ್ನುಹುರಿ ಮುರಿದುಕೊಳ್ಳುತ್ತಾನೆ. ನೆಲದಿಂದಲೇ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಮರವೇರುವುದು ಸ್ವಲ್ಪ ತಗ್ಗಿದೆ, ನಿಂತಿಲ್ಲ. ಹೀಗೆ ಸೊಂಟದ ಕೆಳಗೆ ಬಲವನ್ನೂ ಸ್ಪರ್ಶವನ್ನೂ ಕಳೆದುಕೊಂಡವರಿಗಾಗಿ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದಲ್ಲಿ, ಬಯಲಲ್ಲಿ ನೆಲೆಸಿದ ಗಣಪತಿಯ ಸೌತಡ್ಕದ ಬಳಿ, ಕನ್ಯಾಡಿಯ ಸೇವಾಭಾರತಿಯವರು ಸೇವಾಧಾಮವೆಂಬ ಪುನಶ್ಚೇತನ ಕೇಂದ್ರವನ್ನು ಕಟ್ಟಿದ್ದಾರೆ. ಮುರಿದ ಬೆನ್ನುಹುರಿಯನ್ನು ಮೊದಲಿನಂತೆ ಬೆಸೆಯುವ ಚಿಕಿತ್ಸೆ ಇನ್ನೂ ವೈದ್ಯರ ಕೈಗೆ ಬಂದಿಲ್ಲ. ಆದುದರಿಂದ ಇಂಥ ಪುನಶ್ಚೇತನದ ಸಾಧನೆಯೆಲ್ಲ ಉಳಿದ ಅಂಗದ್ದು. ತೋಳಬಲದಿಂದ ಹಾಸಿಗೆಯಿಂದ ಗಾಲಿಕುರ್ಚಿಗೆ ಸರಿಯುವುದು, ಕುಳಿತಲ್ಲೇ ಆಗಾಗ ಮೈಯೆತ್ತಿ ಕೀವುಹುಣ್ಣು ಆಗದಂತೆ ನೋಡಿಕೊಳ್ಳುವುದು, ಹೊತ್ತುಹೊತ್ತಿಗೆ ಮೂತ್ರಕೋಶವನ್ನು ನಳಿಕೆಯಿಂದ ತಾನೇ ಖಾಲಿ ಮಾಡಿಕೊಳ್ಳುವುದು. ಕೇಳುವವರಿಗೆ ಇವು ಸಣ್ಣ ಕೆಲಸಗಳು. ಆದರೆ ಇವುಗಳಲ್ಲಿ ಒಂದನ್ನು ಕೈಬಿಟ್ಟರೂ ಹುಣ್ಣೋ ಮೂತ್ರಪಿಂಡದ ಸೋಂಕೋ ಪ್ರಾಣಕ್ಕೇ ಬರುತ್ತದೆ.

ಅದೇ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಗೇರುತೋಪುಗಳ ಮೇಲೆ ಎಂಡೋಸಲ್ಫಾನ್ ಸಿಂಪಡಿಸಿದ ಕಾಲವೊಂದಿತ್ತು. ಸರ್ವೋಚ್ಚ ನ್ಯಾಯಾಲಯವು 2011ರ ಮೇ 13ರಂದು ಆ ವಿಷವನ್ನು ದೇಶದಾದ್ಯಂತ ತಡೆಯಿತು. ತಡೆಯುವಷ್ಟರಲ್ಲಿ ಹುಟ್ಟಿದ ಮಕ್ಕಳು ಈಗ ಇಪ್ಪತ್ತು, ಮೂವತ್ತು ದಾಟಿದ್ದಾರೆ. ಅವರಲ್ಲಿ ಕೆಲವರನ್ನು ಇಂದಿಗೂ ತಾಯಿಯೇ ಎತ್ತಿ ಕೂರಿಸಬೇಕು, ತಾಯಿಯೇ ಮೀಯಿಸಬೇಕು. ಆ ತಾಯಂದಿರ ಸೊಂಟವೂ ಬಾಗಿದೆ. "ನನ್ನ ನಂತರ ಇವನಿಗಾರು?" ಎಂಬುದೊಂದೇ ಅವರ ಪ್ರಶ್ನೆ. ಇದಕ್ಕೆ ಕರ್ಮಫಲವೆಂದು ಉತ್ತರಿಸುವ ಉಪದೇಶಕರನ್ನು ನಾವು ಕಂಡಿದ್ದೇವೆ. ಆಕಾಶದಿಂದ ಸುರಿದ ವಿಷಕ್ಕೆ ಮಗುವಿನ ಪೂರ್ವಜನ್ಮವನ್ನು ಹೊಣೆ ಮಾಡುವುದು ಧರ್ಮವೂ ಅಲ್ಲ, ಶಾಸ್ತ್ರವೂ ಅಲ್ಲ. ಹಗಲು ಹೊತ್ತಾದರೂ ತಾಯಿಗೆ ಬಿಡುವು ಕೊಡುವ ಪಾಲನಾ ಕೇಂದ್ರಗಳು ಕೊಕ್ಕಡದಲ್ಲಿಯೂ ಕೊಯಿಲದಲ್ಲಿಯೂ ತೆರೆದದ್ದು ಪುಣ್ಯದ ಕೆಲಸ. ಅಲ್ಲಿ ಒಂದು ಮಗು ಚಮಚ ಹಿಡಿಯಲು ಕಲಿತರೆ ತಾಯಿಗೆ ದಿನದಲ್ಲಿ ಒಂದು ಗಂಟೆ ಸಿಕ್ಕಿತು.

ಇಲ್ಲಿ ಒಂದು ಸಂದೇಹ ಬರುತ್ತದೆ. ಸ್ವಾವಲಂಬನೆಯೇ ದೊಡ್ಡದಾದರೆ ಏನನ್ನೂ ತಾನೇ ಮಾಡಿಕೊಳ್ಳಲಾಗದವನು ಕಾಯಕಭ್ರಷ್ಟನೇ? ಅಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಕಳುಹಿಸಿದ ಕಥೆ ಎಲ್ಲರಿಗೂ ಗೊತ್ತು. ಆ ತಾಯಿ ನಿರಾಕರಿಸಿದ್ದು ಬೇಕಾದುದಕ್ಕಿಂತ ಹೆಚ್ಚಿನದನ್ನು, ಬೇಕಾದಷ್ಟನ್ನು ಬೇಡವೆನ್ನಲಿಲ್ಲ. ಸೇವೆಯಲ್ಲಿಯೂ ಇದೇ ಅಳತೆ. ಹಿರಿಯರಿಗೆ ಬೆನ್ನುಜ್ಜಲು ಆಗದಿದ್ದರೆ ಬೆನ್ನನ್ನಷ್ಟೇ ಉಜ್ಜಿ ಕೊಡಿ, ಮುಖವನ್ನು ಅವರೇ ತೊಳೆದುಕೊಳ್ಳಲಿ. ಪೂರ್ತಿ ಆಗದಿದ್ದರೆ ಪೂರ್ತಿ ಮಾಡಿ. ಯಾವ ಸೀರೆ, ನೀರು ಬಿಸಿಯೋ ಬೆಚ್ಚಗೋ ಎಂದಾದರೂ ಕೇಳಿ. ಪಡೆಯುವವರು ಅದನ್ನು ಪ್ರಸಾದದಂತೆ ಸ್ವೀಕರಿಸಲಿ. "ನಾನು ನಿಮಗೆ ಭಾರ" ಎಂದು ದಿನಕ್ಕೆ ಹತ್ತು ಸಲ ಹೇಳುವುದೂ ಸೇವೆ ಮಾಡುವವರಿಗೆ ಒಂದು ಭಾರವೇ.

ಇನ್ನು ಪೂಜೆಯ ವಿಷಯ. ವೈದ್ಯರ ಆರು ಕೆಲಸಗಳ ಪಟ್ಟಿಯಲ್ಲಿ ಪೂಜೆ ಇಲ್ಲ. ಲಿಂಗಧಾರಿಯ ಮಟ್ಟಿಗೆ ಅದು ಏಳನೆಯದು. ಹಾಸಿಗೆ ಹಿಡಿದವರು ಮೊದಲು ಬಿಡುವುದು ಪೂಜೆಯನ್ನು, ಕಾರಣ ಕೇಳಿದರೆ "ಮೀಯದೆ, ಮಡಿಯಿಲ್ಲದೆ ಹೇಗೆ?" ಎನ್ನುತ್ತಾರೆ. ಈ ಅಳುಕಿಗೆ ನಮ್ಮ ಧರ್ಮದಲ್ಲಿ ಆಧಾರವಿಲ್ಲ. ಲಿಂಗಾಂಗಿಗೆ ಪಂಚಸೂತಕಗಳಿಲ್ಲವೆಂಬುದು ನಮ್ಮ ಆಚಾರ್ಯರೂ ಶರಣರೂ ಒಮ್ಮತದಿಂದ ಒಪ್ಪಿದ ಮಾತು. ನೀರಿನ ಸ್ನಾನ ಆಗದವರಿಗೆ ಭಸ್ಮಸ್ನಾನವನ್ನು ಆಗಮಗಳು ಹೇಳಿವೆ, ಅದೂ ಆಗದಿದ್ದರೆ ಮಾನಸ ಸ್ನಾನವಿದೆ. ಒದ್ದೆ ಬಟ್ಟೆಯಿಂದ ಮೈಯೊರಸಿ, ಹಣೆಗೆ ವಿಭೂತಿಯಿಟ್ಟು, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರೆ ಸಾಕು. ಹಾಗೆ ದಿನಕ್ಕೆರಡು ಹೊತ್ತು ನೆಟ್ಟಗೆ ಕೂತವರಿಗೆ ಕೂರುವ ಅಭ್ಯಾಸ ತಪ್ಪುವುದಿಲ್ಲ, ಎದೆಯಲ್ಲಿ ಕಫ ಕಟ್ಟುವ ಭಯವೂ ಕಡಿಮೆ.

ಪಾರ್ಶ್ವವಾಯು ಬಡಿದು ಎಡಗೈ ನಿಂತುಹೋದವರು ನಮ್ಮನ್ನು ಕೇಳಿದ್ದಾರೆ, ಕರಪೀಠವೇ ಹೋದ ಮೇಲೆ ಲಿಂಗವನ್ನೆಲ್ಲಿ ಇರಿಸಲಿ ಎಂದು. ಅದೇ ಎಡಗೈಯಲ್ಲಿ ಇರಿಸಿ ಎಂದೇ ನಮ್ಮ ಅಪ್ಪಣೆ. ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಕೈ, ಬೆರಳು ಬಿಡಿಸಿ ಅಂಗೈಯಲ್ಲಿ ಲಿಂಗ. ಕೆಳಗಿನಿಂದ ಮಗನೋ ಸೊಸೆಯೋ ತಮ್ಮ ಕೈ ಆಧಾರ ಕೊಡಲಿ, ನೀರೆರೆಯುವುದು ಬಲಗೈ. ನಿಂತುಹೋದ ಕೈಯನ್ನು ಮರೆಯಬೇಡಿ, ಕಣ್ಣ ಮುಂದಿಟ್ಟು ಕೆಲಸದಲ್ಲಿ ಸೇರಿಸಿಕೊಳ್ಳಿ ಎಂದು ಫಿಸಿಯೋಥೆರಪಿಯವರೂ ಹೇಳುತ್ತಾರೆ. ಬಲಗೈ ಹೋದವರಿಗೆ ಉದ್ಧರಣೆಯನ್ನು ಮನೆಯವರು ಹಿಡಿಯಲಿ, ಮಂತ್ರ ಹಿರಿಯರದೇ ಆಗಲಿ. ಮಾತು ಕಟ್ಟಿದ ಕೆಲವರಲ್ಲಿ ಹೊಸ ಮಾತು ಹೊರಡದಿದ್ದರೂ ಬಾಲ್ಯದಿಂದ ನಾಲಗೆಗೆ ಹತ್ತಿದ ಪಂಚಾಕ್ಷರಿ ಹೊರಡುವುದುಂಟು. ಜೊತೆಯಲ್ಲಿ ನಿಧಾನವಾಗಿ ಹೇಳಿ ಕಾಯಿರಿ, ಮುಂದಿನ ಅಕ್ಷರವನ್ನು ನೀವೇ ಹೇಳಿ ಮುಗಿಸಬೇಡಿ. ಎರಡು ಕೈಯೂ ಮಾತೂ ಇಲ್ಲದವರಿಗೆ ದೃಷ್ಟಿಯಿದೆ, ಪ್ರಾಣಲಿಂಗದ ಅನುಸಂಧಾನವಿದೆ.

ಈಗ ಈ ಊರುಗಳ ಹಲವು ಮನೆಗಳಲ್ಲಿ ಹೋಂ ನರ್ಸ್ ಇರುತ್ತಾಳೆ. ಅವಳು ಬೇರೆ ಧರ್ಮದವಳಾದರೆ ಶಿವದಾರ, ಕರಡಿಗೆ ಮುಟ್ಟಬಹುದೇ ಎಂದು ಹಿಂದಿನ ವರ್ಷದಿಂದ ನಾಲ್ಕಾರು ಮನೆಯವರು ಕೇಳಿದರು. ಅವಳು ಮುಟ್ಟದೆ ಕತ್ತಿನ ಬೆವರನ್ನು ಯಾರು ಒರೆಸಬೇಕು? ಶಿವದಾರದಡಿಯ ಚರ್ಮ ಒದ್ದೆಯಾಗಿ ಹುಣ್ಣಾಗುವುದು ಅಲ್ಲಿಯೇ. ಕರಡಿಗೆಯನ್ನು ರೋಗಿಯ ಅಂಗೈಯಲ್ಲಿಟ್ಟು, ಮೈಯಿಂದ ಬೇರೆ ಮಾಡದೆ, ದಾರವನ್ನು ಮೇಲಕ್ಕೆ ಸರಿಸಿ ಒರೆಸಿ, ಒಣಗಿಸಿ, ಮತ್ತೆ ಇಳಿಸಲಿ. ಕ್ರಮವನ್ನು ಮನೆಯವರು ಆ ಹೆಣ್ಣುಮಗಳಿಗೆ ಮೊದಲ ದಿನವೇ ತೋರಿಸಿಕೊಡಲಿ.