ನಿದ್ದೆಯಲ್ಲೂ ತೂಗುವ ಮೆದುಳು

ಮಕ್ಕಳೇ, ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇದ್ದರೆ ಅಮ್ಮ ಹೇಗೆ ಮಲಗಿಸುತ್ತಾರೆ? ತೊಟ್ಟಿಲಲ್ಲಿ ಹಾಕಿ ಮೆಲ್ಲಗೆ ತೂಗುತ್ತಾರೆ. ತೊಟ್ಟಿಲು ಇಲ್ಲದಿದ್ದರೆ ಹಳೆಯ ಸೀರೆಯಿಂದ ಜೋಲಿ ಕಟ್ಟುತ್ತಾರೆ. ಕಲ್ಯಾಣದುರ್ಗದ ಸುತ್ತಲಿನ ಹೊಲಗಳಲ್ಲಿ ಶೇಂಗಾ ಕೀಳುವಾಗ ಮರದ ಕೊಂಬೆಗೆ ಜೋಲಿ ಕಟ್ಟಿ ಮಗುವನ್ನು ಮಲಗಿಸುವುದನ್ನು ನೀವು ನೋಡಿರಬಹುದು. ತೂಗುತ್ತಿದ್ದಂತೆ ಮಗುವಿನ ಅಳು ನಿಲ್ಲುತ್ತದೆ, ಕಣ್ಣು ಮುಚ್ಚುತ್ತದೆ. ತೂಗಿದರೆ ನಿದ್ದೆ ಏಕೆ ಬರುತ್ತದೆ? ನಿದ್ದೆ ಮಾಡುವಾಗ ತಲೆಯೊಳಗೆ ಏನು ನಡೆಯುತ್ತದೆ? ತಿಳಿಯೋಣ ಬನ್ನಿ.

ತೊಟ್ಟಿಲು ಒಂದು ಕಡೆಗೆ ಹೋಗುತ್ತದೆ, ಮತ್ತೆ ಹಿಂದಕ್ಕೆ ಬರುತ್ತದೆ. ಹೀಗೆ ಮತ್ತೆ ಮತ್ತೆ ಹೋಗಿ ಬರುವ ಚಲನೆಗೆ ‘ಆಂದೋಲನ’ ಎಂದು ಹೆಸರು. ಉಯ್ಯಾಲೆ ಆಡುವಾಗ ನಡೆಯುವುದೂ ಆಂದೋಲನವೇ. ಹಿಂದೂಪುರದಲ್ಲಿ ರೇಷ್ಮೆ ಸೀರೆ ನೇಯುವ ಮಗ್ಗವನ್ನು ನೋಡಿದ್ದೀರಾ? ಅಲ್ಲಿ ಲಾಳಿ ಅತ್ತಿಂದಿತ್ತ ಓಡಾಡುತ್ತದೆ. ಅದೂ ಹೋಗಿ ಬರುವ ಚಲನೆಯೇ.

ನೀವೇ ಒಂದು ಪ್ರಯೋಗ ಮಾಡಿ ನೋಡಿ. 1 ಮೀಟರ್ ಉದ್ದದ ದಾರದ ತುದಿಗೆ ಒಂದು ಸಣ್ಣ ಕಲ್ಲು ಕಟ್ಟಿ ಮೊಳೆಗೆ ತೂಗುಹಾಕಿ. ಇದಕ್ಕೆ ‘ಲೋಲಕ’ ಎನ್ನುತ್ತಾರೆ. ಕಲ್ಲನ್ನು ಸ್ವಲ್ಪ ಪಕ್ಕಕ್ಕೆ ಎಳೆದು ಬಿಡಿ. ಅದು ಹೋಗಿ ಮರಳಿ ಬಂದರೆ ಒಂದು ಸಲ. ಹತ್ತು ಸಲ ತೂಗಲು ಸುಮಾರು 20 ಸೆಕೆಂಡು ಬೇಕು. ಈಗ ದಾರವನ್ನು 25 ಸೆಂಟಿಮೀಟರಿಗೆ ಇಳಿಸಿ. ಹತ್ತು ಸಲಕ್ಕೆ ಸುಮಾರು 10 ಸೆಕೆಂಡು ಸಾಕು. ದಾರ ಉದ್ದವಾದಷ್ಟೂ ತೂಗಾಟ ನಿಧಾನ. ಸುಮಾರು 400 ವರ್ಷಗಳ ಹಿಂದೆ ಇಟಲಿಯ ವಿಜ್ಞಾನಿ ಗೆಲಿಲಿಯೋ ಲೋಲಕಗಳನ್ನು ಹೀಗೆಯೇ ತೂಗಿ ಪರೀಕ್ಷಿಸಿದರು.

ಕೆಲವು ತೂಗಾಟಗಳು ಕಣ್ಣಿಗೆ ಕಾಣುವುದೇ ಇಲ್ಲ. ಬ್ಯಾಟರಿಯಿಂದ ನಡೆಯುವ ಕೈಗಡಿಯಾರದ ಒಳಗೆ ಕ್ವಾರ್ಟ್ಜ್ ಎಂಬ ಹರಳಿನ ಚಿಕ್ಕ ಚೂರು ಇರುತ್ತದೆ. ಅದು ಒಂದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ! ಅದನ್ನು ಎಣಿಸಿಯೇ ಗಡಿಯಾರ ಸಮಯ ತೋರಿಸುತ್ತದೆ. ಹೀಗೆಯೇ ನಮ್ಮ ತಲೆಯೊಳಗೂ ಕಾಣದ ತೂಗಾಟಗಳಿವೆ.

ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವು ಬಹಳ ಸಣ್ಣ ವಿದ್ಯುತ್ತಿನ ಮೂಲಕ ಒಂದಕ್ಕೊಂದು ಸುದ್ದಿ ಕಳಿಸುತ್ತವೆ. ಲಕ್ಷಾಂತರ ನರಕೋಶಗಳು ಒಟ್ಟಿಗೆ ಕೆಲಸ ಮಾಡಿದಾಗ ವಿದ್ಯುತ್ತು ಅಲೆಅಲೆಯಾಗಿ ಏರಿ ಇಳಿಯುತ್ತದೆ. ಜರ್ಮನಿಯ ವೈದ್ಯ ಹ್ಯಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮೆದುಳಿನ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದರು. ಈಗ ತಲೆಯ ಚರ್ಮದ ಮೇಲೆ ಲೋಹದ ಪುಟ್ಟ ಬಿಲ್ಲೆಗಳನ್ನು ಅಂಟಿಸಿ ಈ ಅಲೆಗಳನ್ನು ಅಳೆಯುತ್ತಾರೆ. ಇದರಿಂದ ಸ್ವಲ್ಪವೂ ನೋವಾಗುವುದಿಲ್ಲ.

ಎಚ್ಚರವಾಗಿದ್ದು ಸುಮ್ಮನೆ ಕಣ್ಣು ಮುಚ್ಚಿದರೆ ಸೆಕೆಂಡಿಗೆ 8ರಿಂದ 12 ಅಲೆಗಳು ಕಾಣುತ್ತವೆ. ಗಾಢ ನಿದ್ದೆಯಲ್ಲಿ ಅಲೆಗಳು ದೊಡ್ಡದಾಗಿ, ನಿಧಾನವಾಗುತ್ತವೆ. ಆಗ ಸೆಕೆಂಡಿಗೆ ಒಂದೆರಡು ಅಲೆಗಳು ಮಾತ್ರ. ನಡುನಡುವೆ ಸೆಕೆಂಡಿಗೆ 11ರಿಂದ 16ರಂತೆ ಚಿಕ್ಕ ಅಲೆಗಳ ಗುಂಪು ಮೂಡಿ ಮರೆಯಾಗುತ್ತದೆ. ಅದರ ಚಿತ್ರ ನೂಲು ಸುತ್ತಿದ ಕದಿರಿನಂತೆ ನಡುವೆ ದಪ್ಪ, ತುದಿಗಳಲ್ಲಿ ಸಣ್ಣ. ಆದ್ದರಿಂದ ವಿಜ್ಞಾನಿಗಳು ಅದಕ್ಕೆ ಕದಿರಿನ ಹೆಸರನ್ನೇ ಇಟ್ಟಿದ್ದಾರೆ.

ಈ ಅಲೆಗಳಿಂದ ಏನು ಪ್ರಯೋಜನ? ಶೇಂಗಾ ಕಿತ್ತ ರೈತ ಅದನ್ನು ಹೊಲದಲ್ಲೇ ಬಿಡುವುದಿಲ್ಲ. ಬಿಟ್ಟರೆ ಮಳೆಗೆ ಕೆಡುತ್ತದೆ. ಕಾಯಿ ಬಿಡಿಸಿ, ಒಣಗಿಸಿ, ಚೀಲಕ್ಕೆ ತುಂಬಿ ಮನೆಗೆ ತರುತ್ತಾನೆ. ಮೆದುಳು ಮಾಡುವುದೂ ಅದನ್ನೇ. ಹಗಲಿನಲ್ಲಿ ನೀವು ಕಲಿತ ಪಾಠ, ಮಗ್ಗಿ, ಪದ್ಯ ಎಲ್ಲವೂ ಮೊದಲು ಮೆದುಳಿನ ಒಂದು ಚಿಕ್ಕ ಭಾಗದಲ್ಲಿ ತಾತ್ಕಾಲಿಕವಾಗಿ ಉಳಿಯುತ್ತವೆ. ಗಾಢ ನಿದ್ದೆಯಲ್ಲಿ ಆ ನಿಧಾನದ ಅಲೆಗಳೂ ಕದಿರಿನ ಅಲೆಗಳೂ ಜೊತೆಗೂಡಿದಾಗ, ಕಲಿತದ್ದು ಅಲ್ಲಿಂದ ಮೆದುಳಿನ ಹೊರಪದರಕ್ಕೆ ಸೇರಿ ಗಟ್ಟಿಯಾಗುತ್ತದೆ. ನಿದ್ದೆ ಕೆಟ್ಟರೆ ಫಸಲು ಹೊಲದಲ್ಲೇ ಉಳಿದಂತೆ!

ಈಗ ತೊಟ್ಟಿಲಿಗೆ ಮರಳೋಣ. 2019ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದ ವಿಜ್ಞಾನಿಗಳು 18 ಮಂದಿ ಯುವಜನರ ಮೇಲೆ ನಡೆಸಿದ ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಅವರನ್ನು ಒಂದು ರಾತ್ರಿ ಸಾಮಾನ್ಯ ಮಂಚದ ಮೇಲೆ, ಇನ್ನೊಂದು ರಾತ್ರಿ ತೂಗುವ ಮಂಚದ ಮೇಲೆ ಮಲಗಿಸಿದ್ದರು. ಮಂಚ ನಾಲ್ಕು ಸೆಕೆಂಡಿಗೆ ಒಂದು ಸಲ ತೂಗುತ್ತಿತ್ತು. ಎತ್ತರದ ಕೊಂಬೆಗೆ 4 ಮೀಟರ್ ಹಗ್ಗದಿಂದ ಕಟ್ಟಿದ ಉಯ್ಯಾಲೆಯೂ ಇದೇ ವೇಗದಲ್ಲಿ ತೂಗುತ್ತದೆ. ತೂಗುವ ಮಂಚದಲ್ಲಿ ಅವರಿಗೆ ಬೇಗ ನಿದ್ದೆ ಹತ್ತಿತು. ಗಾಢ ನಿದ್ದೆ ಹೆಚ್ಚಾಯಿತು. ಹಿಂದಿನ ಸಂಜೆ ಕಲಿತ ಪದಗಳು ಬೆಳಿಗ್ಗೆ ಹೆಚ್ಚು ನೆನಪಿದ್ದವು. ಕಿವಿಯ ಒಳಭಾಗದಲ್ಲಿ ದೇಹದ ಸಮತೋಲನವನ್ನು ಅರಿಯುವ ಅಂಗವಿದೆ. ಅದು ತೂಗಾಟವನ್ನು ಮೆದುಳಿಗೆ ತಿಳಿಸುತ್ತದೆ. ಮೆದುಳಿನ ಅಲೆಗಳು ಆ ತೂಗಾಟಕ್ಕೆ ಹೊಂದಿಕೊಳ್ಳುತ್ತವೆ. ನಮ್ಮ ಅಜ್ಜಿಯರಿಗೆ ಇದು ಯಾವ ಯಂತ್ರವೂ ಇಲ್ಲದೆ ತಿಳಿದಿತ್ತು!

ಹಿಂದೂಪುರದಿಂದ ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಎಂಬ ದೊಡ್ಡ ಸಂಸ್ಥೆಯಿದೆ. ಅಲ್ಲಿಯೂ ನಿದ್ದೆಯ ಅಲೆಗಳನ್ನು ಅಳೆಯುತ್ತಾರೆ. ವಯಸ್ಸಾದಂತೆ ಗಾಢ ನಿದ್ದೆ ಕಡಿಮೆಯಾಗುತ್ತದೆ. ಆದರೆ ದಿನವೂ ಧ್ಯಾನ ಮಾಡುವವರಲ್ಲಿ ಅದು ಅಷ್ಟಾಗಿ ಕುಗ್ಗಿರಲಿಲ್ಲ ಎಂದು ಅಲ್ಲಿಯ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದರು.

ಮಕ್ಕಳೇ, ಪರೀಕ್ಷೆ ಬಂದಾಗ ಕೆಲವರು ರಾತ್ರಿಯೆಲ್ಲ ಎದ್ದು ಓದುತ್ತಾರೆ. ಕೆಲವರು ತಡವಾಗುವವರೆಗೂ ಟಿ.ವಿ., ಮೊಬೈಲು ನೋಡುತ್ತಾರೆ. ಇದರಿಂದ ಕಲಿತದ್ದು ಕೈತಪ್ಪುತ್ತದೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆಗಳ ನಿದ್ದೆ ಬೇಕು. ಸಂಜೆ ಚೆನ್ನಾಗಿ ಓದಿ, ಹೊತ್ತಿಗೆ ಸರಿಯಾಗಿ ಮಲಗಿ. ಉಳಿದ ಕೆಲಸವನ್ನು ನಿಮ್ಮ ಮೆದುಳು ರಾತ್ರಿ ಮಾಡಿ ಮುಗಿಸುತ್ತದೆ.

ಯೋಚಿಸಿ, ಉತ್ತರಿಸಿ

1. ಆಂದೋಲನ ಎಂದರೇನು? ನಿಮ್ಮ ಮನೆಯಲ್ಲಿ ಕಾಣುವ ಎರಡು ಉದಾಹರಣೆ ಕೊಡಿ.
2. ಗಾಢ ನಿದ್ದೆಯಲ್ಲಿ ಮೆದುಳಿನ ಅಲೆಗಳು ಹೇಗಿರುತ್ತವೆ?
3. ಕಲಿತದ್ದು ನೆನಪಿನಲ್ಲಿ ಉಳಿಯಲು ನಿದ್ದೆ ಏಕೆ ಬೇಕು?
4. ನೀವು ಎಷ್ಟು ಗಂಟೆಗೆ ಮಲಗಿ ಎಷ್ಟು ಗಂಟೆಗೆ ಏಳುತ್ತೀರಿ? ಒಂದು ವಾರ ಬರೆದಿಟ್ಟು ಲೆಕ್ಕ ಹಾಕಿ.