ಊರು ಕಾಣಿಸುವ ಹಳೆಯ ರಸ್ತೆ

ಸೆಪ್ಟೆಂಬರ್ ಕೊನೆಗೆ ಮರಗಳ ಎಲೆ ಬಣ್ಣ ತಿರುಗುವ ಹೊತ್ತು. ಅಮೆರಿಕದಲ್ಲಿ ಕೆಲವರು ಒಬ್ಬರೇ ಕಾರು ಹತ್ತಿ ಸಣ್ಣ ಊರುಗಳನ್ನು ನೋಡಲು ಹೊರಡುತ್ತಾರೆ. ಅಂಥವರಿಗೆ ಪ್ರಿಯವಾದ ದಾರಿ ‘ರೂಟ್ 66’. ಷಿಕಾಗೋದಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗುವ ಈ ಹೆದ್ದಾರಿ 1926ರಲ್ಲಿ ಹುಟ್ಟಿತು. ಅದು ಊರುಗಳ ನಡುಬೀದಿಯಲ್ಲೇ ಹಾಯುತ್ತಿತ್ತು. ಊರನ್ನು ಬಳಸಿ ಹೋಗುವ ಹೊಸ ಹೆದ್ದಾರಿಗಳು ಬಂದ ಮೇಲೆ ಎಷ್ಟೋ ಪೆಟ್ರೋಲ್ ಬಂಕು, ಹೋಟೆಲುಗಳು ಬಾಗಿಲು ಹಾಕಿದವು. 1985ರಲ್ಲಿ ರಸ್ತೆಯ ಸಂಖ್ಯೆಯೇ ರದ್ದಾಯಿತು. 1987ರಲ್ಲಿ ಅರಿಜೋನಾದ ಸೆಲಿಗ್ಮನ್ ಎಂಬ ಪುಟ್ಟ ಊರಿನವರು ಮುಂದಾಗಿ, ಸಂಘ ಕಟ್ಟಿ ಹಳೆಯ ದಾರಿಗೆ ಜೀವ ತುಂಬಿದರು.

ಮಾರತ್ತಹಳ್ಳಿಯವರಿಗೆ ಇಂಥ ದಾರಿ ದೂರವೇನಲ್ಲ. ಹೊರವರ್ತುಲ ರಸ್ತೆಯಲ್ಲಿ ಉತ್ತರಕ್ಕೆ ಹೋದರೆ ಕೃಷ್ಣರಾಜಪುರದ ಬಳಿ ಹಳೇ ಮದ್ರಾಸು ರಸ್ತೆ ಸಿಗುತ್ತದೆ. ದಸರಾ ಹೊತ್ತಿಗೆ ಹೊರಟರೆ ಹೊಲಗಳಲ್ಲಿ ರಾಗಿ ತೆನೆ ಕಾಣುತ್ತದೆ. ಹೊಸಕೋಟೆಯಲ್ಲಿ ಬೆಳಗಿನ ಜಾವದ ಬಿರಿಯಾನಿ, ಕೋಲಾರದಲ್ಲಿ ಚೋಳರ ಕಾಲದ ಕೋಲಾರಮ್ಮನ ಗುಡಿ, ಆಮೇಲೆ ಮುಳಬಾಗಿಲು. ‘ಮೂಡಲ ಬಾಗಿಲು’ ಎಂಬುದೇ ಮುಳಬಾಗಿಲು ಆಯಿತೆನ್ನುತ್ತಾರೆ. ಪೂರ್ವದಿಂದ ಮೈಸೂರು ಸೀಮೆಗೆ ಬರುವವರಿಗೆ ಅದೇ ಬಾಗಿಲು. ಎಂದರೆ, ದಾರಿಯಿಂದಲೇ ಹೆಸರು ಪಡೆದ ಊರು.

ಈಗ ಹೊಸಕೋಟೆಯಿಂದ ಚೆನ್ನೈ ಕಡೆಗೆ ಎಕ್ಸ್‌ಪ್ರೆಸ್‌ವೇ ಬೇರೆ ದಿಕ್ಕು ಹಿಡಿದಿದೆ. 2024ರ ಕೊನೆಗೆ ಕರ್ನಾಟಕದ ಭಾಗದಲ್ಲಿ ವಾಹನಗಳ ಓಡಾಟ ಶುರುವಾಯಿತು. ಮುಳಬಾಗಿಲು ಆ ದಾರಿಯಲ್ಲಿ ಸಿಗುವುದಿಲ್ಲ. ಬೇಗ ತಲುಪುವ ಆಸೆ ತಪ್ಪಲ್ಲ. ಆದರೆ ಹಾದುಹೋಗುವವರನ್ನೇ ನಂಬಿದ ಅಂಗಡಿ, ಹೋಟೆಲುಗಳ ಪಾಡೇನು? ಸೆಲಿಗ್ಮನ್ನಿನವರು ಕೇಳಿಕೊಂಡದ್ದೂ ಇದೇ ಪ್ರಶ್ನೆ.

ಒಂದು ಭಾನುವಾರ ಹೆದ್ದಾರಿ ಬಿಟ್ಟು ಮುಳಬಾಗಿಲಿನ ಪೇಟೆಯೊಳಗೆ ತಿರುಗಿ. ಹೆಸರುವಾಸಿಯಾದ ಅಲ್ಲಿನ ದೋಸೆ ತಿನ್ನುವಷ್ಟು ಹೊತ್ತಾದರೂ ಊರು ಕಾಣುತ್ತದೆ.