ಹೊಲಿಗೆ ಬಿಚ್ಚಿದವರ ಬೆಳಗು

ಬೆಳಗಿನ ಆರಕ್ಕೆ ಥಾಣೆಯ ತಲಾವ್ ಪಾಳಿಯಲ್ಲಿ ಎರಡು ಬಗೆಯ ಜನ. ಮಸುಂದಾ ಕೆರೆಯನ್ನು ಕೈಬೀಸಿಕೊಂಡು ಬಿರುಸಾಗಿ ಸುತ್ತುವವರು ಒಂದು ಬಗೆ. ಗಡ್ಕರಿ ರಂಗಾಯತನದ ಹತ್ತಿರ ಒಂದಷ್ಟು ನಡೆದು, ಬೆಂಚು ಕಂಡಲ್ಲಿ ಕೂತು, ಮತ್ತೆ ಏಳುವವರು ಇನ್ನೊಂದು ಬಗೆ. ಇವರಲ್ಲಿ ಆಪರೇಷನ್ ಆದವರ ಗುರುತು ಬೇಗ ಸಿಗುತ್ತದೆ. ಹರ್ನಿಯಾದವರು ಕೆಮ್ಮು ಬಂದರೆ ನಿಂತು ಅಂಗೈಯಿಂದ ಹೊಟ್ಟೆ ಒತ್ತಿ ಹಿಡಿಯುತ್ತಾರೆ. ಮಂಡಿಕೀಲು ಬದಲಿಸಿಕೊಂಡ ಅಮ್ಮಂದಿರ ಕಣ್ಣು ನೆಲ ಬಿಟ್ಟು ಏಳದು. ಮಳೆಗಾಲದ ಪಾಚಿ ಯಾವ ಕಲ್ಲಿನ ಮೇಲಿದೆಯೋ! ಬೈಪಾಸ್‌ನವರ ಒಂದೇ ಕಾಲಿಗೆ ಬಿಗಿಯಾದ ಕಾಲುಚೀಲ. ಹೃದಯಕ್ಕೆ ಜೋಡಿಸಿದ ರಕ್ತನಾಳ ತೆಗೆದದ್ದು ಆ ಕಾಲಿನಿಂದಲೇ.

"ಎಷ್ಟು ಸುತ್ತು ಅಣ್ಣಾ ಇವತ್ತು?"

"ಎರಡು ಮಾರಾಯ್ರೆ. ಮೂರನೆಯದಕ್ಕೆ ಮನೆಯವಳ ಪರ್ಮಿಷನ್ ಆಗಿಲ್ಲ."

ಉಡುಪಿ ಕಡೆಯ ಹೋಟೆಲಿನವರು. ನಡೆಯುತ್ತಲೇ ಇಷ್ಟು ಹೇಳಿದರು, ಉಸಿರು ಕಡಿಯಲಿಲ್ಲ. ಪರೀಕ್ಷೆ ಇದೇ: ಮಾತಿನ ನಡುವೆ ಏದುಸಿರು ಬಂದರೆ ವೇಗ ಹೆಚ್ಚಾಯಿತು. ಅವರ ಮಗ ತಂದುಕೊಟ್ಟ ಸ್ಮಾರ್ಟ್‌ವಾಚನ್ನು ಪೂರ್ತಿ ನಂಬುವಂತಿಲ್ಲ. ಹೃದಯದವರು ನುಂಗುವ ಬೀಟಾ ಬ್ಲಾಕರ್ ಮಾತ್ರೆ ನಾಡಿ ಏರದಂತೆ ತಡೆಹಿಡಿಯುತ್ತದೆ.

ನಡೆಯುವುದಕ್ಕೆ ನನ್ನ ಮತ ನೆರೂಳಿನ ಜ್ಯುವೆಲ್ ಆಫ್ ನವಿಮುಂಬಯಿಗೆ. ಪಾಮ್ ಬೀಚ್ ರಸ್ತೆಯ ಪಕ್ಕ ನೀರಿನ ಸುತ್ತ ಸಮತಟ್ಟು ದಾರಿ. ಕಲ್ಯಾಣದವರಿಗೆ ಕಾಳಾ ತಲಾವ್ ಇದೆ. ಥಾಣೆಯ ಉಪವನ ಕೆರೆಯೂ ಸರಿಯೇ, ಆದರೆ ಅಲ್ಲಿಂದ ಯೇವೂರಿನ ಏರು ಕರೆಯುತ್ತದೆ. ಅದಕ್ಕೆ ಅವಸರ ಬೇಡ.

ಡೊಂಬಿವಲಿಯವರ ವ್ಯಾಯಾಮ ಮಾತ್ರ ಬೇರೆ. ಅದು ಶುರುವಾಗುವುದು ಸ್ಟೇಷನ್ನಿನ ಸೇತುವೆಯ ಮೆಟ್ಟಿಲಲ್ಲಿ. ಮಂಡಿಯವರಿಗೆ ಫಿಸಿಯೋಥೆರಪಿಯಲ್ಲಿ ಕಲಿಸುವ ಪಾಠ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು, ಒಂದು ಕೈ ಕಂಬಿಯ ಮೇಲೆ. ಬೆಳಗಿನ ಎಂಟಕ್ಕೆ ಹಿಂದಿನಿಂದ ಒತ್ತಿ ಬರುವ ಜನಕ್ಕೆ ಈ ಪಾಠ ಯಾರು ಹೇಳಬೇಕು? ಇನ್ನು ಬೈಪಾಸ್‌ನವರಿಗೆ ಸೀಳಿದ ಎದೆಮೂಳೆ ಕೂಡಿಕೊಳ್ಳಲು 6ರಿಂದ 12 ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಒಂದೇ ಕೈಯಲ್ಲಿ ಎಳೆಯುವುದು, ಜೋತು ಬೀಳುವುದು ಕೂಡದು. ಲೋಕಲ್‌ನಲ್ಲಿ ಹಿಡಿಕೆಗೆ ಜೋತು ನಿಂತವರು ಕುರ್ಲಾ ತಲಪುವವರೆಗೆ ಮಾಡುವುದು ಅದನ್ನೇ, ಬ್ರೇಕಿನ ಜಗ್ಗು ಬೇರೆ.

ಹೊಟ್ಟೆಯ ಆಪರೇಷನ್ನಿನವರದು ಇನ್ನೊಂದು ತೊಂದರೆ. ಹತ್ತು ದಿನದಲ್ಲಿ ಹೊಲಿಗೆ ಬಿಚ್ಚುತ್ತಾರೆ, ಹೊರಗೆ ಗಾಯ ಒಣಗಿರುತ್ತದೆ, ಮನೆಯವರಿಗೆ ಎಲ್ಲ ಸರಿಹೋದಂತೆ ಕಾಣುತ್ತದೆ. ಒಳಪದರ ಗಟ್ಟಿಯಾಗಲು ವಾರಗಟ್ಟಲೆ ಬೇಕು. ದೊಡ್ಡ ಆಪರೇಷನ್ನಿಗೆ ಸಾಮಾನ್ಯವಾಗಿ ಆರು ವಾರ ಭಾರ ಎತ್ತಬೇಡಿ ಎನ್ನುತ್ತಾರೆ. ಲ್ಯಾಪ್‌ಟಾಪ್, ಡಬ್ಬಿ, ನೀರಿನ ಬಾಟಲಿ ತುಂಬಿದ ಚೀಲವೂ ಭಾರವೇ, ವಾರದ ತರಕಾರಿಯೂ ಭಾರವೇ.

ಮೀನಖಂಡ ಊದಿ ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರು ಸಿಕ್ಕದಿದ್ದರೆ, ಎದೆಯ ಮೂಳೆ ಕಟಕ್ಕೆಂದರೆ ಸುತ್ತು ಮುಗಿಸುವ ಹಟ ಬೇಡ, ಸೀದಾ ಆಸ್ಪತ್ರೆಗೆ ಹೋಗಬೇಕು.

ಹಾಗೆಯೇ, ಮುಂದಿನ ಸಲ ಡಾಕ್ಟರ ಬಳಿ ಹೋದಾಗ ವಾಕಿಂಗ್ ಮಾಡಬಹುದೇ ಎಂದಷ್ಟೇ ಕೇಳಿ ಬರಬೇಡಿ. ಯಾವ ಸ್ಟೇಷನ್, ಎಷ್ಟು ಮೆಟ್ಟಿಲು, ಎಷ್ಟು ಹೊತ್ತು ನಿಲ್ಲಬೇಕು, ಚೀಲದಲ್ಲಿ ಏನಿರುತ್ತದೆ ಎಲ್ಲ ಬಿಡಿಸಿ ಹೇಳಿ, ಎಂಟರ ಲೋಕಲ್ ಹತ್ತುವುದು ಯಾವಾಗ ಎಂದು ಕೇಳಿ.